ಪೇಪರ್ ಎಲ್ಲೆ, ನಾಲ್ಕು ಗಂಟೆ

"ಎಲ್ಲೆ ತೂಕ," ಎಂದ ಡ್ರೈವರ್ ಕಾಸಿಂ ಕುಂಞಿ, ಬಸ್ಸಿನಡಿಯಲ್ಲಿ ಮಲಗಿಕೊಂಡೇ.

ಮೂರನೇ ಮಹಡಿಯ ಕಿಟಕಿಯಿಂದ ಯಾರೋ ತುಳುವಿನಲ್ಲಿ ಏನೋ ಕೂಗಿ ಕೇಳಿದ್ದರು. ಅದಕ್ಕೆ ಅವನು ಕೊಟ್ಟ ಉತ್ತರ ಅದು. ಅವನಿಗೆ ಕುಡಿಯಲು ನೀರು ತಂದಿದ್ದ ನಾನು ಚೊಂಬು ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ.

"ಏನಂದ್ರಿ ಕಾಸಿಂ ಭಾಯಿ?"

"ಇವತ್ತು ಬಸ್ಸು ಹೊರಡ್ತದಾ ಅಂತ ಕೇಳಿದ್ರು ಅಕ್ಕ. ನಾಳೆ ನೋಡುವ ಅಂದೆ. ಪೇಪರೇ ಇಲ್ಲದೆ ಎಲ್ಲಿಗೆ ಹೋಗುವುದು?"

"ನಾಳೆ ಅಂದದ್ದು ಯಾವ ಮಾತು? ತೂಕವಾ?"

ಕಾಸಿಂ ತಲೆ ಹೊರಗೆ ಹಾಕಿ ನಕ್ಕ. ಗಡ್ಡಕ್ಕೆಲ್ಲ ಗ್ರೀಸು. "ತೂಕ ಅಂದ್ರೆ ನೋಡುವ ಅಂತ. ಎಲ್ಲೆ ಅಂದ್ರೆ ನಾಳೆ. ಅಕ್ಕನಿಗೆ ತುಳು ಗೊತ್ತಿಲ್ವಾ?"

ಗೊತ್ತಿಲ್ಲ. ಕುವೈತ್ ಪಟ್ಟಣದ ಮಿರ್ಕಾಬಿನ ಒಂದು ಕಂಪನಿಯಲ್ಲಿ ಹದಿನೆಂಟು ವರ್ಷ ಟೆಲಿಫೋನ್ ಬೋರ್ಡಿನ ಮುಂದೆ ಕೂತವಳು ನಾನು. ನಾಲ್ಕು ಭಾಷೆಯಲ್ಲಿ 'ಸ್ವಲ್ಪ ತಡೆಯಿರಿ' ಎನ್ನಬಲ್ಲೆ. ಆದರೆ ನಂಜನಗೂಡಿನ ಸರಸಮ್ಮನಿಗೆ ತುಳು ಯಾರು ಕಲಿಸಬೇಕು? ನನಗೆ ಎಲ್ಲೆ ಎಂದರೆ ಗಡಿ. ಹೆಣ್ಣುಮಗಳು ಎಲ್ಲೆ ಮೀರಬಾರದು ಎಂದು ಅಜ್ಜಿಯ ಬಾಯಲ್ಲಿ ಬೆಳಗ್ಗೆ ಸಂಜೆ ಕೇಳಿ ಬೆಳೆದವಳು.

ಅಯ್ಯೋ, ನನ್ನ ಬಾಯಿಗಿಷ್ಟು ಮಣ್ಣು ಹಾಕ!

ನಮ್ಮ ಫರ್ವಾನಿಯಾ ಕಟ್ಟಡದಿಂದ ಈ ಬಸ್ಸಲ್ಲಿ ಊರಿಗೆ ಹೊರಟ ನಲವತ್ತೆರಡು ಜನರ ಪ್ರಯಾಣಪತ್ರ ಟೈಪ್ ಮಾಡಬೇಕಿದ್ದ ಮೋರಿಸ್, ನಲವತ್ತೆರಡು ಖಾಲಿ ಹಾಳೆಗಳ ಸಮೇತ ನಿನ್ನೆ ಮಧ್ಯಾಹ್ನ ಕಾಣೆಯಾಗಿದ್ದ. ಅವನ ರೂಮಿನಲ್ಲಿ ಟೈಪ್‌ರೈಟರೂ ಇರಲಿಲ್ಲ. ಇವತ್ತು ಬೆಳಿಗ್ಗೆ ಕಾಸಿಮನ ಬಸ್ಸಿನ ವೈಪರಿಗೆ ಸಿಕ್ಕಿಸಿದ್ದ ಒಂದು ಚೀಟಿ ಸಿಕ್ಕಿತ್ತು. ಕನ್ನಡ ಅಕ್ಷರ, ಮೋರಿಸ್‌ನದೇ ಕೈ.

'ಪೇಪರ್ ಎಲ್ಲೆ. ೪ ಗಂಟೆ. ಮೋರಿಸ್.'

ಕಾಸಿಮನಿಗೆ ಕನ್ನಡ ಓದಲು ಬರುವುದಿಲ್ಲ. ಚೀಟಿಯನ್ನು ತಂದು ನನ್ನ ಕೈಗೆ ಕೊಟ್ಟ. ನಾನು ಓದಿ, ಊರಿಗೆಲ್ಲ ಕೇಳುವ ಹಾಗೆ, "ಪೇಪರ್ ಗಡಿಯಲ್ಲಿದೆಯಂತೆ, ನಾಲ್ಕು ಗಂಟೆಗೆ!" ಎಂದು ಸಾರಿದೆ. ಎಲ್ಲೆ ಎಂಬ ಮಾತನ್ನು ಬಾಯಿಬಿಟ್ಟು ಓದಿದ್ದರೆ ಕಾಸಿಂ ಅಲ್ಲೇ ತಿದ್ದುತ್ತಿದ್ದ. ನಾನು ಓದಲಿಲ್ಲ, ಅರ್ಥ ಹೇಳಿದೆ. ನನ್ನ ಜಾಣತನ ಯಾವಾಗಲೂ ಒಂದು ಹೆಜ್ಜೆ ಮುಂದೆ.

ದೂತಾವಾಸದ ಕಿರಿಯ ಅಧಿಕಾರಿ ಗುರುಕಿರಣ್ ಅಲ್ಲೇ ಇದ್ದರು. ಬೆಂಗಳೂರಿನ ಹುಡುಗ, ಅವರಿಗೂ ಎಲ್ಲೆ ಎಂದರೆ ಗಡಿಯೇ. ನನ್ನ ಮಾತು ನಂಬಿ ಹತ್ತು ಗಂಟೆಗೆ ಕಾರು ಹತ್ತಿ ಉತ್ತರದ ಗಡಿಗೆ ಹೊರಟರು. ಪತ್ರಗಳಿಗೆ ಒತ್ತಬೇಕಾದ ದುಂಡು ಸೀಲು ಅವರ ಬ್ಯಾಗಿನಲ್ಲೇ ಹೋಯಿತು.

"ಮೋರಿಸ್ ನಿಮಗೆ ತುಳುವಿನಲ್ಲಿ ಯಾಕೆ ಬರೀತಾನೆ?" ಎಂದು ಕಾಸಿಮನನ್ನು ಕೇಳಿದೆ.

"ಅವನ ಮನೆಯಲ್ಲಿ ಕೊಂಕಣಿ, ನಮ್ಮ ಮನೆಯಲ್ಲಿ ಬ್ಯಾರಿ. ನಾವಿಬ್ಬರು ಸಿಕ್ಕಿದ್ರೆ ತುಳುವೇ ಅಲ್ವಾ ಅಕ್ಕ? ಓದಲಿಕ್ಕೆ ಬರುವುದಿಲ್ಲ ಅಂತ ನಾನು ಅವನಿಗೆ ಹೇಳಿರಲಿಲ್ಲ. ನಾಚಿಕೆ."

ಪಾಪ ಎನಿಸಿತು. ಬಸ್ಸಿನ ಮುಂದಿನ ಗಾಜನ್ನು ನೋಡಿದೆ. ನಿನ್ನೆ ರಾತ್ರಿ ಬೀಸಿದ ಧೂಳು ಗಾಜಿನ ಮೇಲೆ ಬೆರಳಿನಿಂದ ಬರೆಯಬಹುದಾದಷ್ಟು ದಪ್ಪ ಕೂತಿತ್ತು. ಚೀಟಿ ಇದ್ದ ಜಾಗ ಮಾತ್ರ ಚೌಕಾಕಾರವಾಗಿ ಶುಭ್ರವಾಗಿತ್ತು. ಅಂದರೆ ಧೂಳು ಬೀಸುವ ಮೊದಲೇ, ನಿನ್ನೆ ಸಂಜೆ ಕರ್ಫ್ಯೂ ಬೀಳುವುದರೊಳಗೆ, ಚೀಟಿಯನ್ನು ಅಲ್ಲಿ ಸಿಕ್ಕಿಸಿದ್ದಾನೆ. ನಿನ್ನೆಯ ನಾಳೆ ಎಂದರೆ ಇವತ್ತು.

ಗಡಿಯಾರ ನೋಡಿದೆ. ಎರಡು ಐವತ್ತು.

ಹಾಗಾದರೆ ಮೋರಿಸ್ ಕಳ್ಳನಲ್ಲ. ಪೇಪರ್ ನಾಳೆ ತರುತ್ತೇನೆ ಎಂದು ಹೇಳಿ ಹೋದ ಸಾಧು ಮನುಷ್ಯ. ಸಂತೋಷದಿಂದ ಕೂಗಿಬಿಡಬೇಕಿತ್ತು ನಾನು. ಅಷ್ಟರಲ್ಲಿ ಬೆಳಗಿನ ಇನ್ನೊಂದು ಚಿತ್ರ ಕಣ್ಣಿಗೆ ಬಂತು.

ನಾನು ಗಡಿ, ಗಡಿ ಎಂದು ಕೂಗುತ್ತಿದ್ದಾಗ ನಾಲ್ಕನೇ ಮಹಡಿಯ ಜೋಕಿಮ್ ನನ್ನ ಕೈಯಿಂದ ಚೀಟಿ ತೆಗೆದುಕೊಂಡರು. ಕನ್ನಡಕ ಮೇಲೆತ್ತಿ ಓದಿದರು. ನಾಲ್ಕಾಗಿ ಮಡಿಸಿ ಎದೆಯ ಜೇಬಿನಲ್ಲಿಟ್ಟುಕೊಂಡರು. ಮಂಗಳೂರಿನ ಬೊಂದೇಲಿನವರು, ಬೀದಿಯಲ್ಲಿ ತುಳು ಆಡಿ ಬೆಳೆದವರು. ಅವರಿಗೆ ಅರ್ಥ ಗೊತ್ತಿತ್ತು. ಆದರೂ ತುಟಿ ಬಿಚ್ಚಲಿಲ್ಲ.

ಲಿಫ್ಟು ಕೆಟ್ಟು ಮೂರು ವಾರವಾಗಿತ್ತು. ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಯ ಕಿಟಕಿಯಿಂದ ಅದೇ ರಸ್ತೆ ಕಾಣುತ್ತದೆ. ಒಂದು ಗಾಡಿಯಿಲ್ಲ. ಸಿಗ್ನಲ್ ದೀಪ ಮಾತ್ರ ಕೆಂಪಾಗಿ, ಹಸಿರಾಗಿ, ಮತ್ತೆ ಕೆಂಪಾಗುತ್ತಿತ್ತು. ಯಾರೋ ಬಿಟ್ಟುಹೋದ ಬಿಳಿ ಬೆಕ್ಕೊಂದು ರಸ್ತೆಯ ನಡುವೆ ಕೂತು ಮೈ ನೆಕ್ಕಿಕೊಳ್ಳುತ್ತಿತ್ತು. ಆಗಸ್ಟ್ ಎರಡರಿಂದ ಈ ಆರೂವರೆ ವಾರ ನಾನು ಪೂರಾ ಎಚ್ಚರವಾಗಿದ್ದ ಒಂದು ದಿನವೂ ನೆನಪಿಲ್ಲ. ನಿದ್ದೆಯೂ ಇಲ್ಲ. ಎರಡರ ನಡುವೆ ಯಾವುದೋ ಒಂದು ಜಾಗದಲ್ಲಿ ನಾವೆಲ್ಲ ಓಡಾಡಿಕೊಂಡಿದ್ದೆವು. ಕೆಲವೊಮ್ಮೆ ಕಣ್ಣು ಮುಚ್ಚಿದರೆ ನನ್ನ ಬೋರ್ಡಿನ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡು, ಪ್ರತಿ ತಂತಿಯಲ್ಲೂ ಸಮುದ್ರದ ಸದ್ದು ಕೇಳುತ್ತಿತ್ತು.

ನನ್ನ ಮಗನಿಗಿಂತ ಒಂದು ವರ್ಷ ಚಿಕ್ಕದು ಈ ದೇಶ. ನಾವು ಬಂದಾಗ ಅದಕ್ಕೆ ಹತ್ತು ತುಂಬಿರಲಿಲ್ಲ. ಒಂದು ಬೆಳಿಗ್ಗೆ ಎದ್ದರೆ ರಸ್ತೆಯಲ್ಲಿ ಇರಾಕಿನ ಟ್ಯಾಂಕುಗಳು, ರೇಡಿಯೋದಲ್ಲಿ ಈ ದೇಶವೇ ಇರಲಿಲ್ಲವೆಂಬ ಮಾತು. ನನಗೆ ಅಳು ಬಂದಿತ್ತು. ಯಾರದೋ ದೇಶಕ್ಕೆ ನಾನ್ಯಾಕೆ ಅಳಬೇಕು ಎಂದರೆ, ನನ್ನ ಅರ್ಧ ಆಯಸ್ಸು ಇಲ್ಲೇ ಕಳೆದಿದೆ, ಅದಕ್ಕೆ.

ಎರಡನೇ ಮಹಡಿಯಲ್ಲಿ ನಮ್ಮ ಬಾಗಿಲು ತೆರೆದಿತ್ತು. ಸೊಸೆ ಯಾಮಿನಿ ಸೋಫಾದ ಮೇಲೆ ಒರಗಿ ಎರಡೂ ಕೈ ಹೊಟ್ಟೆಯ ಮೇಲಿಟ್ಟುಕೊಂಡಿದ್ದಳು. ಎಂಟು ತಿಂಗಳು. ಅವಳ ಪಾಸ್‌ಪೋರ್ಟು ಓಡಿಹೋದ ಕಫೀಲನ, ವೀಸಾ ಕೊಡಿಸಿದ ಅರಬ್ ಧಣಿಯ, ಪೆಟ್ಟಿಗೆಯಲ್ಲಿದೆ. ಮಗ ಮನೀಷ್ ಎಣ್ಣೆ ಕಂಪನಿಯ ಟ್ರೈನಿಂಗಿಗೆಂದು ಜುಲೈಯಲ್ಲಿ ಬೊಂಬಾಯಿಗೆ ಹೋದವನು ಅಲ್ಲೇ ಉಳಿದ. ಇವತ್ತಿನ ಬಸ್ಸು ತಪ್ಪಿದರೆ ಮುಂದಿನದು ಯಾವಾಗಲೋ, ಅಷ್ಟರಲ್ಲಿ ಅವಳಿಗೆ ಒಂಬತ್ತು ತುಂಬುತ್ತದೆ. ಮರಳುಗಾಡಿನ ದಾರಿಯಲ್ಲಿ, ಸೈನಿಕರ ಚೆಕ್‌ಪೋಸ್ಟಿನಲ್ಲಿ ನನ್ನ ಮೊಮ್ಮಗು ಹುಟ್ಟುವುದು ನನಗೆ ಬೇಕಿರಲಿಲ್ಲ. ಆ ನಲವತ್ತೆರಡರಲ್ಲಿ ಹದಿನೇಳನೆಯ ಹಾಳೆ ಅವಳದು.

"ಎಲ್ಲಿಗೆ ಅತ್ತೆ?" ಎಂದಳು.

"ಮೇಲಕ್ಕೆ. ಜೋಕಿಮ್ ಹತ್ರ ಒಂದು ಮಾತು ಕೇಳೋದಿದೆ."

ಅವಳು ಎದ್ದು ಕೂತಳು. ನಾನು ನಿಲ್ಲಲಿಲ್ಲ.

ಜೋಕಿಮ್ ಬಾಗಿಲು ತೆರೆದಾಗ ಅವರ ಕೈಯಲ್ಲಿ ಜಪಸರ ಇತ್ತು. ಅವರ ಹೆಂಡತಿ ವೈಲೆಟ್ ಫಹಾಹೀಲಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಹತ್ತು ದಿನಕ್ಕೊಮ್ಮೆ ಮನೆಗೆ ಬಂದರೆ ಹೆಚ್ಚು.

"ಚೀಟಿ ಕೊಡಿ ಜೋಕಿಮ್ ಅವರೇ."

"ಯಾವ ಚೀಟಿ ಮಾರಾಯ್ರೆ?"

"ಎದೆ ಜೇಬಿನಲ್ಲಿರೋದು. ಎಲ್ಲೆ ಅಂದ್ರೇನು ಹೇಳಿ."

"ಗಡಿ. ಬೆಳಿಗ್ಗೆ ನೀವೇ ಹೇಳಿದ್ದಲ್ವಾ?"

"ನಾನು ಹೇಳಿದ್ದು ನನ್ನ ದಡ್ಡತನ. ನೀವು ಸುಮ್ಮನಿದ್ದದ್ದು ಯಾವ ತನ?"

ಅವರು ಜಪಸರವನ್ನು ಮೇಜಿನ ಮೇಲಿಟ್ಟರು. ಎಂಟು ವರ್ಷದ ನೆರೆಹೊರೆ. ಕ್ರಿಸ್‌ಮಸ್ಸಿಗೆ ಕುಸ್ವಾರ್ ತಿಂಡಿಯ ತಟ್ಟೆ ಕಳಿಸುವವರು, ಯುಗಾದಿಗೆ ನಮ್ಮ ಹೋಳಿಗೆ ತಿನ್ನುವವರು. 

"ಕೂತುಕೊಳ್ಳಿ," ಎಂದರು.

"ಕೂರಲ್ಲ. ಆ ಹುಡುಗ ಗುರುಕಿರಣ್ ಈ ಬಿಸಿಲಲ್ಲಿ ಸೈನಿಕರ ನಡುವೆ ಗಡಿಗೆ ಹೋಗಿದಾನೆ. ದಾರೀಲಿ ಏನಾದ್ರೂ ಆದ್ರೆ? ನೀವು ಒಂದೇ ಒಂದು ಮಾತು, 'ಸರಸಮ್ಮ, ಅದು ತುಳು' ಅಂದಿದ್ರೆ ಆತ ಇಲ್ಲೇ ಇರ್ತಿದ್ದ."

"ಹೌದು."

"ಅಂದ್ರೆ ಆತ ಇಲ್ಲಿರಬಾರದು ಅಂತಲೇ ನೀವು ಸುಮ್ಮನಿದ್ರಿ."

ಅವರು ಕನ್ನಡಕ ತೆಗೆದು ಒರೆಸತೊಡಗಿದರು. ಕಿಟಕಿಯ ಏಸಿ ಗೊರಗೊರ ಎನ್ನುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ನಾನೇ ಹೇಳ್ತೀನಿ ಕೇಳಿ. ನರ್ಸುಗಳನ್ನ ಆಸ್ಪತ್ರೆಯವರು ಬಿಡ್ತಿಲ್ಲ. ವೈಲೆಟ್ ಹೆಸರು ಪಟ್ಟಿಯಲ್ಲಿಲ್ಲ. ನಂಬರ್ ಹಾಕಿದ ಹಾಳೆ ಇರೋದು ನಲವತ್ತೆರಡೇ, ನಲವತ್ತಮೂರನೇದು ಇಲ್ಲ. ಯಾರದೋ ಹೆಸರು ಕಿತ್ತು ವೈಲೆಟ್ ಹೆಸರು ಟೈಪ್ ಮಾಡಿಸಿದೀರಿ. ಯಾರದು? ಬಾಯಿಬಿಡಿ!"

ಜೋಕಿಮ್ ನನ್ನನ್ನು ನೋಡಿದ ನೋಟ ಸಾಯುವವರೆಗೂ ಮರೆಯಲಾರೆ. ಬೈದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ನನ್ನ ವೈಲೆಟ್ ಬರುವುದಿಲ್ಲ ಸರಸಮ್ಮ. ವಾರ್ಡಿನಲ್ಲಿ ಹದಿನಾಲ್ಕು ಪೇಷೆಂಟ್ ಇದ್ದಾರಂತೆ. ಕಳೆದ ಸಲ ಬಂದಾಗ ನಾನು ಕಾಲು ಹಿಡಿಯುವುದೊಂದು ಬಾಕಿ. ನೀವು ಹೋಗಿ ಅಂದಳು. ಅವಳು ಬಾರದೆ ನಾನು ಎಲ್ಲಿಗೆ ಹೋಗುವುದು? ಪಟ್ಟಿಯಲ್ಲಿ ನನ್ನ ಹೆಸರೂ ಇಲ್ಲ, ನೀವು ನೋಡ್ಲಿಲ್ವಾ?"

ನೋಡಿರಲಿಲ್ಲ. ಸೊಸೆಯ ಹೆಸರೊಂದನ್ನು ನೋಡಿ ಪಟ್ಟಿ ಮಡಿಸಿದ್ದೆ. ನಾಚಿಕೆಯಿಂದ ಕುರ್ಚಿಯ ಮೇಲೆ ಕುಸಿದೆ.

"ಮತ್ತೆ ಯಾಕೆ?" ಎಂದೆ, ಈ ಸಲ ಮೆಲ್ಲಗೆ.

"ಆಫೀಸರ್ ಸಂಜೆ ಸುಸ್ತಾಗಿ ಬರಲಿ ಅಂತ. ಕರ್ಫ್ಯೂಗೆ ಮೊದಲು ಬಸ್ಸು ಗಡಿ ದಾಟಬೇಕು. ಒಂದೊಂದೇ ಮುಖ ನೋಡ್ತಾ ಕೂರುವ ಪುರುಸೊತ್ತು ಅವರಿಗೆ ಇರಬಾರದು. ಅಷ್ಟೇ ನನ್ನ ಪಾಪ."

"ಯಾವ ಮುಖ ನೋಡಬಾರದು?"

"ಬೈಬಲ್ ಮುಟ್ಟಿ ಮಾತು ಕೊಟ್ಟಿದ್ದೇನೆ. ಹೇಳುವುದಿಲ್ಲ."

"ಯಾರಿಗೆ ಕೊಟ್ಟಿದ್ದು?"

ಅವರು ಎದ್ದು ಒಳಗೆ ಹೋಗಿ ನನಗೆ ಒಂದು ಲೋಟ ನೀರು ತಂದರು. "ನಾಲ್ಕು ಗಂಟೆಗೆ ಮೋರಿಸ್ ಬರ್ತಾನೆ. ಅಲ್ಲಿವರೆಗೆ ನನ್ನನ್ನ ಕಳ್ಳ ಅಂತಲೇ ತಿಳ್ಕೊಳ್ಳಿ, ಅಡ್ಡಿಯಿಲ್ಲ."

ಮುಖ ಮತ್ತು ಹೆಸರು. ಅದರ ಬಗ್ಗೆ ಗುರುಕಿರಣ್ ಮೊನ್ನೆಯೇ ನನಗೆ ಬಿಡಿಸಿ ಹೇಳಿದ್ದರು. ಕೆಳಗಿನ ಹಾಲಿನಲ್ಲಿ ಹಾಳೆಗಳನ್ನು ಮೋರಿಸ್‌ಗೆ ಎಣಿಸಿಕೊಡುವಾಗ, 'ಪತ್ರ ಕೊಟ್ಟ ಊರು' ಎಂಬಲ್ಲಿ ಬರೀ ಒಂದು ಗೆರೆ ಇರುವುದನ್ನು ನೋಡಿ ಏಕೆಂದು ಕೇಳಿದ್ದೆ.

"ಕುವೈತ್ ಅಂತ ಬರೆದರೆ ಇರಾಕಿನವರು ಹರೀತಾರೆ ಅಮ್ಮ. ಅವರು ಹೇಳೋ ಹೆಸರು ಬರೆದರೆ ಈ ದೇಶ ಹೋಯ್ತು ಅಂತ ನಾವು ಒಪ್ಪಿದ ಹಾಗೆ. ಅದಕ್ಕೆ ಗೆರೆ," ಎಂದಿದ್ದರು. "ಈ ಗೆರೆಗೋಸ್ಕರ ದೊಡ್ಡವರು ಎಷ್ಟು ದಿನ ಮೇಜಿನ ಎರಡು ಕಡೆ ಕೂತಿದ್ರು ಗೊತ್ತಾ? ಆದರೆ ಅವರದ್ದೂ ಒಂದು ಷರತ್ತು. ಹೆಸರು ಒಬ್ಬರದು, ಮುಖ ಒಬ್ಬರದು ಅಂತ ಒಂದೇ ಒಂದು ಹಾಳೆ ಸಿಕ್ಕಿದ್ರೂ ಎಲ್ಲಾ ಬಸ್ಸು ಖಲಾಸ್. ನಮ್ಮದು ಮಾತ್ರ ಅಲ್ಲ, ಹಿಂದೆ ಕಾಯ್ತಿರೋ ಸಾವಿರಾರು ಜನರದ್ದೂ. ಅದಕ್ಕೇ ನಿಮ್ಮನ್ನ ಕೇಳ್ಕೊಳ್ತಿರೋದು. ಈ ಕಟ್ಟಡದಲ್ಲಿ ನಿಮಗೆ ಗೊತ್ತಿಲ್ಲದವರಿಲ್ಲ. ನೀವು ಗುರುತು ಹೇಳಿ, ನಾನು ಸೀಲು ಒತ್ತುತೀನಿ."

ಮೂವತ್ತೂ ಆಗದ ಹುಡುಗ. ನಿದ್ದೆಗೆಟ್ಟು ಕಣ್ಣು ಒಳಕ್ಕೆ ಹೋಗಿತ್ತು. ನಾನು ಆಗಲಪ್ಪ ಎಂದಿದ್ದೆ.

ಕೆಳಗಿಳಿದು ಹಾಲಿನ ಮೇಜಿನ ಮುಂದೆ ಕೂತೆ. ಜೋಕಿಮ್ ಬಂದು ಬಾಗಿಲ ಬಳಿ ನಿಂತರು. ಮೇಲಿನ ಮನೆಗಳಲ್ಲಿ ಯಾರೋ ಸೂಟ್‌ಕೇಸು ಬಿಚ್ಚಿ ಮತ್ತೆ ತುಂಬುವ ಸದ್ದು. ಸೆಖೆಗೆ ನನಗೆ ಕೂತಲ್ಲೇ ಜೊಂಪು ಹತ್ತಿತು. ನಂಜನಗೂಡಿನ ಕಪಿಲಾ ನದಿ ಫರ್ವಾನಿಯಾದ ರಸ್ತೆಯಲ್ಲಿ ಹರಿದುಬರುತ್ತಿತ್ತು, ಅದರಲ್ಲಿ ನಮ್ಮ ನಲವತ್ತೆರಡು ಹಾಳೆಗಳು ಮೆಲ್ಲಗೆ ತೇಲಿಹೋಗುತ್ತಿದ್ದವು. ನಾನು ಸೆರಗು ಸಿಕ್ಕಿಸಿ ನೀರಿಗಿಳಿದೆ. ಒಂದು ಹಾಳೆಯೂ ಕೈಗೆ ಸಿಗುತ್ತಿರಲಿಲ್ಲ. ಆದರೂ ಯಾಕೋ ಗಾಬರಿಯಾಗಲಿಲ್ಲ, ನೀರು ತಣ್ಣಗಿತ್ತು.

"ಸರಸಮ್ಮ ಬಾಯಿ," ಎಂದು ಯಾರೋ ಕರೆದರು.

ಕಣ್ಣು ಬಿಟ್ಟೆ. ಮೋರಿಸ್ ನಿಂತಿದ್ದ. ಎರಡು ದಿನದ ಗಡ್ಡ, ಒಂದು ಕೈಯಲ್ಲಿ ಟೈಪ್‌ರೈಟರ್, ಇನ್ನೊಂದರಲ್ಲಿ ಕಂದು ಲಕೋಟೆ. ಗೋಡೆಯ ಗಡಿಯಾರ ಸರಿಯಾಗಿ ನಾಲ್ಕು ತೋರಿಸುತ್ತಿತ್ತು.

"ಎಲ್ಲಿಗೆ ಹೋಗಿದ್ದೆಯೋ ಮಾರಾಯ?"

"ಫಹಾಹೀಲಿಗೆ. ಒಂದು ಫೋಟೋ ತರಲಿಕ್ಕಿತ್ತು." ಅವನು ನನ್ನ ಮುಖ ನೋಡಲಿಲ್ಲ, ಜೋಕಿಮ್ ಕಡೆ ನೋಡಿದ. "ಚೀಟಿ ಸಿಗಲಿಲ್ವಾ ನಿಮಗೆ?"

ಲಕೋಟೆ ಕಸಿದುಕೊಂಡೆ. ಒಂದು, ಎರಡು, ಮೂರು. ಎಲ್ಲ ಪರಿಚಿತ ಮುಖಗಳು. ಹದಿನೈದು, ಹದಿನಾರು. ಹದಿನೇಳನೆಯ ಹಾಳೆಗೆ ಕೈ ನಿಂತಿತು.

'ಯಾಮಿನಿ' ಇರಲಿಲ್ಲ. 'ರೋಹಿದಾಸ, ಅಡುಗೆಯವರು' ಎಂದಿತ್ತು.

ಗಂಡಸಿನ ಫೋಟೋ. ಗಡ್ಡ ಮುಖ ತುಂಬಿದೆ, ಕೆನ್ನೆ ಒಳಕ್ಕೆ ಹೋಗಿದೆ, ತಲೆಗೆ ಬಟ್ಟೆ ಸುತ್ತಿದೆ. ಇಂಥ ಅಡುಗೆಯವನನ್ನು ನಾನು ನೋಡಿಯೇ ಇಲ್ಲ ಎಂದು ಹೇಳಲು ಬಾಯಿ ತೆರೆದವಳು, ಅವನ ಕಣ್ಣು ನೋಡಿದೆ.

ಹೆತ್ತವಳಿಗೆ ಗಡ್ಡ ಅಡ್ಡ ಬರುತ್ತದೆಯೇ?

"ಮನೀ..." ಎಂದವಳು ಬಾಯಿಗೆ ಸೆರಗು ಒತ್ತಿಕೊಂಡೆ.

"ಅತ್ತೆ." ಯಾಮಿನಿ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಿದ್ದಳು. "ನಾನೇ ಬಿಟ್ಟುಕೊಟ್ಟೆ. ಜೋಕಿಮ್ ಅಂಕಲ್‌ನ ಬೈಬೇಡಿ, ಮಾತು ತಗೊಂಡವಳು ನಾನು."

"ಅವನು ಬೊಂಬಾಯಲ್ಲಿದಾನಲ್ಲೇ!"

"ಇಲ್ಲ ಅತ್ತೆ. ಟ್ಯಾಂಕು ಬರೋ ಹಿಂದಿನ ರಾತ್ರಿ ಕೊನೇ ವಿಮಾನದಲ್ಲಿ ಬಂದಿಳಿದ್ರಂತೆ. ಮನೆಗೆ ಬರೋ ಮೊದಲೇ ಫಹಾಹೀಲಿಗೆ, ಡ್ಯೂಟಿಗೆ ಕರೆಸಿಕೊಂಡ್ರು. ಎಣ್ಣೆ ಕಾರ್ಖಾನೆಯ ಕಂಟ್ರೋಲ್ ರೂಮ್ ಗೊತ್ತಿರೋ ಇಂಜಿನಿಯರುಗಳನ್ನ ಸೈನಿಕರು ಹುಡುಕ್ತಿದಾರೆ. ಇವರ ಹೆಸರೂ ಅವರ ಹತ್ರ ಇದೆ. ವೈಲೆಟ್ ಆಂಟಿ ಜಾಂಡೀಸ್ ಪೇಷೆಂಟ್ ಅಂತ ವಾರ್ಡಲ್ಲಿ ಮಲಗಿಸಿಕೊಂಡಿದಾರೆ. ನನಗೆ ಗೊತ್ತಾಗಿದ್ದೇ ಎಂಟು ದಿನದ ಹಿಂದೆ. ನಾಳೆಯಿಂದ ವಾರ್ಡುಗಳನ್ನೂ ತಪಾಸಣೆ ಮಾಡ್ತಾರಂತೆ. ಅದಕ್ಕೇ ಇವತ್ತೇ, ಬಸ್ಸು ಹೊರಡೋ ಹೊತ್ತಿಗೆ ಇಲ್ಲಿಗೆ ಕಳಿಸ್ತಾರೆ."

"ನನಗ್ಯಾಕೆ ಹೇಳಲಿಲ್ಲ? ನಾನು ಅವನ ತಾಯಿ ಕಣೇ!"

"ನಿಮಗೆ ಸುಳ್ಳು ಹೇಳಕ್ಕೆ ಬರಲ್ಲ ಅಂತ ಅವರೇ ಬೇಡ ಅಂದ್ರು." ಅವಳು ಮೇಜಿನ ಅಂಚು ಹಿಡಿದು ನಿಂತಳು. "ನನಗೆ ವೈಲೆಟ್ ಆಂಟಿ ಇದಾರೆ, ಹೆರಿಗೆ ಮಾಡಿಸ್ತೀನಿ ಅಂದಿದಾರೆ. ನಿಮ್ಮ ಮಗನಿಗೆ ಯಾರೂ ಇಲ್ಲ ಅತ್ತೆ. ಯಾರು ಅಂತ ಸೈನಿಕರಿಗೆ ಗೊತ್ತಾದ್ರೆ ವಾಪಸ್ ಬರಲ್ಲ ಅವರು."

ನಾನು ಅವಳ ಕೈ ಹಿಡಿದೆ, ತಣ್ಣಗಿತ್ತು. ಹೊಟ್ಟೆಯೊಳಗಿನದು ಒದ್ದದ್ದು ನನ್ನ ಮೊಣಕೈಗೆ ತಗುಲಿತು. ಬಯ್ಯಬೇಕೆಂದುಕೊಂಡ ಮಾತೆಲ್ಲ ಕಣ್ಣಲ್ಲಿ ನೀರಾಗಿ ಹೋಯಿತು.

ಹೊರಗೆ ಕಾರಿನ ಬಾಗಿಲು ಬಡಿದ ಸದ್ದಾಯಿತು.

ಗುರುಕಿರಣ್ ಒಳಗೆ ಬಂದರು. ತಲೆಯಿಂದ ಬೂಟಿನವರೆಗೆ ಧೂಳು. ಲಕೋಟೆ ಕಂಡದ್ದೇ ಮುಖ ಅರಳಿತು. "ಸಿಕ್ಕಿತಾ! ಗಡಿಯಲ್ಲಿ ಯಾರೂ ಇರಲಿಲ್ಲ ಅಮ್ಮ. ಒಂದು ವಿಷಯ ಮಾತ್ರ ಗೊತ್ತಾಯ್ತು. ನಿನ್ನೆ ಬೇರೆ ಯಾವುದೋ ದೇಶದವರ ಬಸ್ಸಲ್ಲಿ ಒಂದು ಸುಳ್ಳು ಹಾಳೆ ಹಿಡಿದು, ಅವರ ಬಸ್ಸೆಲ್ಲ ನಿಲ್ಲಿಸಿದರಂತೆ. ಇವತ್ತು ಒಂದೊಂದು ಮುಖಾನೂ ನೋಡ್ತಾರೆ."

ಜೋಕಿಮ್ ಗೋಡೆಗೆ ಒರಗಿದರು. ಮೋರಿಸ್ ಸದ್ದಿಲ್ಲದೆ ಶಿಲುಬೆಯ ಗುರುತು ಮಾಡಿಕೊಂಡ.

ಗುರುಕಿರಣ್ ಕುರ್ಚಿ ಎಳೆದು ನನ್ನ ಎದುರು ಕೂತರು. ಶಾಯಿಯ ಡಬ್ಬಿ ತೆರೆದು, ಸೀಲಿಗೆ ಬಾಯಿಯಿಂದ ಊದಿದರು. ನಾನು ಹಾಳೆಗಳನ್ನು ಒಂದೊಂದಾಗಿ ಸರಿಸಿ ಹೆಸರು ಹೇಳುತ್ತಾ ಹೋದೆ. ನನ್ನ ದನಿ ಬೋರ್ಡಿನ ಮುಂದೆ ಕೂತಾಗಿನಂತೆ ಸ್ಪಷ್ಟವಾಗಿಯೇ ಇತ್ತು, ಅದು ಎಲ್ಲಿಂದ ಬರುತ್ತಿತ್ತೋ ತಿಳಿಯಲಿಲ್ಲ. ಹದಿನಾರು ಸಲ ಸೀಲು ಬಿತ್ತು. ಕಿಟಕಿಯ ಹೊರಗೆ ಸೂಟ್‌ಕೇಸು, ನೀರಿನ ಕ್ಯಾನು ಹೊತ್ತ ಜನ ಬಸ್ಸಿನ ಸುತ್ತ ಸೇರುತ್ತಿದ್ದರು. ಎಳೆಗೂಸು ಎತ್ತಿಕೊಂಡ ಹೆಂಗಸೊಬ್ಬಳು ಒಳಗೆ ಇಣುಕಿ, "ಆಯ್ತಾ ಅಕ್ಕ?" ಎಂದು ಕೇಳಿ ಹೋದಳು.

ಹದಿನೇಳನೆಯ ಹಾಳೆಯನ್ನು ಗುರುಕಿರಣ್ ತಾವೇ ಎಳೆದುಕೊಂಡರು. ಬೆಳಕಿಗೆ ಹಿಡಿದರು. ಹುಬ್ಬು ಗಂಟಿಕ್ಕಿತು.

"ರೋಹಿದಾಸ, ಅಡುಗೆಯವರು. ಈ ಕಟ್ಟಡದಲ್ಲಿ ಇವರನ್ನ ನಾನು ನೋಡಿದ ಹಾಗಿಲ್ಲವಲ್ಲ." ಹಾಳೆಯನ್ನು ನನ್ನ ಮುಂದಿಟ್ಟು, ಸೀಲನ್ನು ಅದರ ಮೇಲೆ ಎತ್ತಿ ಹಿಡಿದರು. "ನಿಮ್ಮ ಮಾತು ನಂಬಿ ಗಡಿವರೆಗೆ ಹೋಗಿ ಬಂದವನು ನಾನು ಅಮ್ಮ. ಈಗಲೂ ನಂಬ್ತೀನಿ. ಹೇಳಿ, ಇವರು ಯಾರು?"